ಹಸಿರು ಉಲ್ಲನ್ನಿನ ನಲವತ್ತು ತುಂಡುಗಳು

ಪುಟ್ಟಗೌರಮ್ಮನ ಗಂಡ ಶಿವನಂಜಯ್ಯ ಮನೆಯಿಂದ ಹೋಗಿ ಅಂದಿಗೆ ಹನ್ನೊಂದು ದಿನ. ಪುಷ್ಯ ಮಾಸದ ಚಳಿಯಲ್ಲಿ, ಬೆಳಗಿನ ಕಾಫಿ ಕುಡಿದು, ಲೋಟವನ್ನು ಬಾಗಿಲ ಬಳಿ ಬೋರಲು ಹಾಕಿ, ಹಸಿರು ಸ್ವೆಟರ್ ತೊಟ್ಟು, ಚಪ್ಪಲಿ ಮೆಟ್ಟದೆ ಹೊರಟವರನ್ನು ಕೊಳ್ಳೇಗಾಲದ ಬಸ್ ನಿಲ್ದಾಣದ ತನಕ ನೋಡಿದವರಿದ್ದರು. ಅಲ್ಲಿಂದಾಚೆ ಯಾರೂ ಇರಲಿಲ್ಲ.

ಮೂರು ವರ್ಷದಿಂದ ಅವರಿಗೆ ಮರೆವು. ಮೊದಲು ಜನರ ಹೆಸರು ಹೋದವು, ಆಮೇಲೆ ಬೀದಿಗಳು. ಕಳೆದ ದೀಪಾವಳಿಯಲ್ಲಿ ಎಣ್ಣೆ ಹಚ್ಚುತ್ತಿದ್ದ ಹೆಂಡತಿಯನ್ನೇ ತಿರುಗಿ ನೋಡಿ, "ನೀವು ಯಾವೂರ ಕಡೆಯೋರು?" ಎಂದು ಕೇಳಿದ್ದರು.

"ಅಗರದೋಳು," ಎಂದಿದ್ದಳು ಪುಟ್ಟಗೌರಮ್ಮ.

"ಓ, ಯಳಂದೂರು ಅಗರವಾ? ನಮ್ಮ ಎಡ್ತಿದೂ ಅದೇ ಊರು ಕಣ್ರಿ," ಎಂದು ಸಂಕೋಚದಿಂದ ನಕ್ಕಿದ್ದರು. ಅವಳು ಎಣ್ಣೆ ಹಚ್ಚುವುದನ್ನು ನಿಲ್ಲಿಸಿರಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಳ್ಳುವಾಗ ಪೊಲೀಸಿನವರು ಕೇಳಿದ ಒಂದು ಪ್ರಶ್ನೆ ಅವಳ ತಲೆಯಲ್ಲಿ ಸಿಕ್ಕಿಕೊಂಡಿತು. ಯಾವ ಬಟ್ಟೆ ಹಾಕಿದ್ದರು?

"ಬಿಳಿ ಪಂಚೆ ಸಾ. ಹಸಿರು ಸ್ವೆಟ್ರು. ನಾನೇ ಎಣ್ದುದ್ದು."

"ಯಾವ ಹಸಿರು? ಎಲೆ ಹಸಿರಾ, ಗಿಳಿ ಹಸಿರಾ?"

"ಎರಡೂ ಅಲ್ಲ ಸಾ."

"ಮತ್ತೆ?"

ಇಪ್ಪತ್ತೈದು ವರ್ಷ ಉಲ್ಲನ್ ದಾರ ಮಾರಿದವಳಿಗೆ ಆ ಹೊತ್ತಿನಲ್ಲಿ ಬಾಯಿಗೆ ಒಂದು ಪದ ಬರಲಿಲ್ಲ. ಅವಳ ಅಂಗಡಿಯ ಗೂಡುಗಳಲ್ಲಿ ಹನ್ನೊಂದು ಬಗೆಯ ಹಸಿರಿತ್ತು. ಅವಕ್ಕೆಲ್ಲ ನಂಬರು ಇದ್ದವೇ ಹೊರತು ಹೆಸರಿರಲಿಲ್ಲ. "ಬರೀ ಹಸಿರು ಅಂತ ಬರ್ಕೋತೀನಿ ಬಿಡಮ್ಮ," ಎಂದು ಅವರು ಮುಂದಿನ ಸಾಲಿಗೆ ಹೋದರು. ಬರೀ ಹಸಿರು. ಯಳಂದೂರಿನಿಂದ ಹನೂರಿನ ತನಕ ಆ ಬರೀ ಹಸಿರನ್ನು ತೊಟ್ಟವರು ಎಷ್ಟು ಜನ ಇಲ್ಲ?

ಯಳಂದೂರಿನಲ್ಲಿ ಅಂಗನವಾಡಿ ಶಿಕ್ಷಕಿಯಾಗಿದ್ದ ಮಗಳು ಪವಿತ್ರ ರಜೆ ಹಾಕಿ ಓಡಿ ಬಂದಳು. ಅಪ್ಪನ ಫೋಟೋ ಹಾಕಿ ಕರಪತ್ರ ಮಾಡಿಸಿದಳು. ಫೋಟೋ ಅವಳ ಮದುವೆಯದು. ತಲೆಗೆ ಪೇಟ, ತುಂಬಿದ ಕೆನ್ನೆ. ಈಗಿನ ಮುಖ ಅದರ ಅರ್ಧವೂ ಇರಲಿಲ್ಲ. ಜೆರಾಕ್ಸ್ ಮಾಡಿದಾಗ ಆ ಮುಖವೂ ಕಪ್ಪಗೆ ಕಲೆಸಿಹೋಯಿತು. ಬಸ್ ನಿಲ್ದಾಣದ ಕಂಬದ ಎದುರು ನಿಂತು ಪುಟ್ಟಗೌರಮ್ಮ ಅದನ್ನು ನೋಡಿದಳು. ಗೊತ್ತಿಲ್ಲದಿದ್ದರೆ ನಾನೂ ಗುರುತು ಹಿಡಿಯುತ್ತಿರಲಿಲ್ಲ ಎಂದುಕೊಂಡಳು.

ಮನೆಗೆ ಬಂದವಳೇ ಟ್ರಂಕು ತೆಗೆದಳು. ಏಳು ವರ್ಷದ ಹಿಂದೆ ಆ ಸ್ವೆಟರ್ ಹೆಣೆದು ಉಳಿದ ಎರಡು ಉಂಡೆ ತಳದಲ್ಲಿದ್ದವು, ಪ್ಲಾಸ್ಟಿಕ್ ಕವರಿನಲ್ಲಿ, ಬೇವಿನ ಸೊಪ್ಪಿನ ಜೊತೆ. ಹತ್ತನೇ ನಂಬರಿನ ಕಡ್ಡಿ ಹಿಡಿದು ಕೂತಳು. ನಾಲ್ಕು ಬೆರಳಗಲದ ತುಂಡು. ಅದೇ ದಾರ, ಅದೇ ಕಡ್ಡಿ, ಅವಳು ರಾಗಿಕಾಳು ಎಂದು ಕರೆಯುತ್ತಿದ್ದ ಅದೇ ಹೆಣಿಗೆ: ಒಂದು ಸೀದಾ, ಒಂದು ಉಲ್ಟಾ, ಮುಂದಿನ ಸಾಲಿನಲ್ಲಿ ಅದನ್ನು ತಿರುವುಮುರುವು ಮಾಡಿದರೆ ಬಟ್ಟೆಯ ಮೈಯೆಲ್ಲ ಕಾಳು ಚೆಲ್ಲಿದ ಹಾಗೆ ಸಣ್ಣಗೆ ಉಬ್ಬುತ್ತದೆ. ಎರಡು ಹಗಲು ಅವಳು ಬೇರೇನೂ ಮಾಡಲಿಲ್ಲ. ದಾರ ಮುಗಿಯುವ ಹೊತ್ತಿಗೆ ನಲವತ್ತು ತುಂಡುಗಳಾಗಿದ್ದವು.

"ಅವ್ವ, ಇದ ಯಾರು ನೋಡಾರು?" ಎಂದಳು ಪವಿತ್ರ.

"ಮುಖ ನೆಪ್ಪಿರಕಿಲ್ಲ ಕಣವ್ವ ಜನುಕ್ಕ. ಬಟ್ಟೆ ನೆಪ್ಪಿರ್ತದ."

ಪ್ರತಿ ತುಂಡಿಗೂ ಪವಿತ್ರಳ ಫೋನ್ ನಂಬರಿನ ಚೀಟಿ ಪೋಣಿಸಿ, ಹನೂರು, ಯಳಂದೂರು, ಬೆಟ್ಟದ ದಾರಿಯ ಬಸ್ಸುಗಳ ಕಂಡಕ್ಟರುಗಳಿಗೆ ಕೊಟ್ಟಳು. ನಿಲ್ಲುವ ಕಡೆಯ ಹೋಟೆಲುಗಳಿಗೆ, ಅಂಗಡಿಗಳಿಗೆ ಹಂಚಿರೆಂದು ಕೈಮುಗಿದಳು. ಕೊಡುವಾಗೆಲ್ಲ ಒಂದು ಮಾತನ್ನು ಒತ್ತಿ ಹೇಳಿದಳು: "ಕರೆಕ್ಟಾಗಿ ಇದೇ ಬಣ್ಣ ಕಣಪ್ಪ. ತಿಳಿ ಹಸಿರು, ಬೂದಿ ಹಸಿರು ಅಂದ್ರ ನಮ್ಮೋರಲ್ಲ. ಪಕ್ಕದಲ್ಲಿ ಮಡಿಗಿ ನೋಡಿ."

ಅವಳ ಅಂಗಡಿಯಲ್ಲಿ ಅದು ಶಾಸ್ತ್ರದಂತಿದ್ದ ಮಾತು. ಅರ್ಧ ಹೆಣೆದು ದಾರ ಸಾಲದೆ ಬಂದವರಿಗೆ ಅವಳು ಎಂದೂ ಅಂದಾಜಿನಲ್ಲಿ ಉಂಡೆ ಕೊಟ್ಟವಳಲ್ಲ. ಹೆಣೆದ ತುಂಡನ್ನು ತನ್ನಿ, ಪಕ್ಕದಲ್ಲಿಟ್ಟು ನೋಡೋಣ, ಕೂಡಿದರೆ ಕೊಡುತ್ತೇನೆ ಎನ್ನುತ್ತಿದ್ದಳು.

ಅಗರದ ಬೇಸಾಯದ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಈ ಉಲ್ಲನ್ ಅಂಟಿಕೊಂಡಿದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಚಳಿಗಾಲದಲ್ಲಿ ಒಡೆಯರಪಾಳ್ಯದ ಟಿಬೆಟಿನ ಹೆಂಗಸರು ಪೇಟೆಗೆ ಬಂದು ಸ್ವೆಟರ್ ಹರಡಿಕೊಂಡು ಕೂರುತ್ತಿದ್ದರು. ಅವರಲ್ಲೊಬ್ಬಳು ವ್ಯಾಪಾರವಿಲ್ಲದ ಹೊತ್ತಿನಲ್ಲಿ ಕೈ ನೋಡದೆಯೇ ಹೆಣೆಯುತ್ತಿದ್ದಳು. ಪುಟ್ಟಗೌರಮ್ಮ ಎದುರಿಗೆ ಕೂತು ನೋಡಿದಳು, ಒಂದು ವಾರ. ಎಂಟನೆಯ ದಿನ ಆ ಹೆಂಗಸು ಕಡ್ಡಿಗಳನ್ನು ಇವಳ ಕೈಗಿಟ್ಟಳು. ಮಾತು ಇಬ್ಬರದೂ ಬೇರೆ. ತಪ್ಪಿದಾಗ ಬೆರಳಿನ ಮೇಲೆ ಮೆಲ್ಲಗೆ ಹೊಡೆಯುತ್ತಿದ್ದಳು, ಅಷ್ಟೇ ಪಾಠ.

ಶಿವನಂಜಯ್ಯನಿಗೆ ಆಗ ಸೈಕಲ್ ಶಾಪ್ ಇತ್ತು. ಹೆಂಡತಿ ತೆಂಗಿನ ಕಡ್ಡಿಯಲ್ಲಿ ಅಭ್ಯಾಸ ಮಾಡುವುದನ್ನು ನೋಡಿ, ಏನೂ ಹೇಳದೆ, ಮಾರನೆಯ ದಿನ ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಮೊನೆ ನುಣುಪು ಮಾಡಿ, ಇನ್ನೊಂದು ತುದಿಗೆ ವಾಲ್ವ್ ಟ್ಯೂಬಿನ ಚೂರು ಸಿಕ್ಕಿಸಿ ತಂದುಕೊಟ್ಟರು. ಅವಳು ಹೆಣೆದ ಮೊದಲ ಕುಲಾವಿ ಆ ಕಡ್ಡಿಯದು. ಆಮೇಲೆ ಸೈಕಲ್ ಶಾಪಿನ ಮೂಲೆಯಲ್ಲೊಂದು ಗೂಡು ಉಲ್ಲನ್ನಿಗಾಯಿತು. ಸೈಕಲ್ ಕೊಳ್ಳುವವರು ಕಡಿಮೆಯಾದ ಹಾಗೆ ಗೂಡುಗಳು ಬೆಳೆದವು. ಬಿದಿರಿನ ಕಡ್ಡಿ, ಅಲ್ಯೂಮಿನಿಯಂ ಕಡ್ಡಿ, ಕ್ರೋಶಾ ಕೊಕ್ಕೆ, ಲಡಿಗಟ್ಟಲೆ ದಾರ. "ರೇಷ್ಮ ಊರ್ನಲ್ಲಿ ಕುರಿ ತುಪ್ಪಟ ಮಾರ್ತಾಳಲ್ಲ ನಿನ್ನೆಡ್ತಿ," ಎಂದು ಸೀರೆ ಅಂಗಡಿಯವರು ಅಣಕಿಸಿದರೆ ಶಿವನಂಜಯ್ಯ, "ರೇಷ್ಮ ಮದುವ್ಗ ಒಂದಿನ ಕಣ್ಲಾ. ಚಳಿ ಮೂರು ತಿಂಗ್ಳು," ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಬೆಳಗ್ಗೆ, ಇನ್ನು ಫೋನಿಗಾಗಿ ಕಾಯುತ್ತ ಕೂರಲಾರೆ ಎಂದು ಪುಟ್ಟಗೌರಮ್ಮ ಎದ್ದಳು. ತುಂಡು ಕೊಟ್ಟ ದಾರಿಗಳಲ್ಲೆಲ್ಲ ತಾನೇ ಹೋಗಿ ಕೇಳುವುದೆಂದು ನಿಶ್ಚಯಿಸಿದಳು. ಪವಿತ್ರಳ ಜೊತೆ ಹನೂರಿಗೆ ಬಂದು, ಅಲ್ಲಿ ಮೂರು ಹೋಟೆಲಿನಲ್ಲಿ ವಿಚಾರಿಸಿ, ಮಾರ್ಟಳ್ಳಿಯ ಬಸ್ಸು ಹತ್ತಿದಳು. ಕಿಟಕಿಯಾಚೆ ಹೊಲದಲ್ಲಿ ಒಬ್ಬೊಬ್ಬರೇ ನಡೆಯುವ ಮುದುಕರೆಲ್ಲ ಒಂದು ಕ್ಷಣ ಅವರಾಗಿ ಕಂಡು, ಬಸ್ಸು ಹತ್ತಿರ ಬಂದಾಗ ಬೇರೆ ಯಾರೋ ಆಗುತ್ತಿದ್ದರು.

ಮಾರ್ಟಳ್ಳಿಯಲ್ಲಿ ಬಸ್ಸು ನಿಲ್ಲುವ ಎದುರಿಗೇ ಮಾದಣ್ಣನ ಟೀ ಹೋಟೆಲು. ಒಳಗೆ ಕಾಲಿಡುವ ಮೊದಲೇ ಪುಟ್ಟಗೌರಮ್ಮನಿಗೆ ತನ್ನ ತುಂಡು ಕಾಣಿಸಿತು, ಗಲ್ಲಾಪೆಟ್ಟಿಗೆಯ ಮೇಲಿನ ಮೊಳೆಯಲ್ಲಿ.

"ನೀವೇನಾ ಆ ಉಲ್ಲನ್ ಅಮ್ಮ? ಬನ್ನಿ ಬನ್ನಿ ಕಣಕ್ಕ, ಕುಂತ್ಕಳಿ," ಎಂದು ಮಾದಣ್ಣ ಹೆಗಲ ಟವಲಿನಿಂದ ಬೆಂಚು ಒರೆಸಿದ. ಐವತ್ತರ ಆಸುಪಾಸಿನ, ಮಾತಿನ ಮನುಷ್ಯ. "ಕಂಡಕ್ಟ್ರು ಕೊಟ್ಟ ದಿನ್ದಿಂದ ಅಲ್ಲೇ ತಗಲಾಕಿವ್ನಿ. ಬಂದೋರ್ನೆಲ್ಲ ನೋಡ್ತಾನೇ ಇವ್ನಿ. ಸೋಮವಾರ ಒಬ್ರು ಬಂದಿದ್ರು ಕಣಕ್ಕ, ನಿಮಗ ಏಳ್ಬೇಕು ಅನ್ಕಂಡಿದ್ದಿ."

ಪವಿತ್ರ ಅವ್ವನ ಮೊಣಕೈ ಹಿಡಿದಳು.

"ವಯಸ್ಸಾದೋರು. ಕಾಲ್ಗ ಚಪ್ಲಿ ಇಲ್ಲ. ಎಸ್ರು ಕೇಳ್ದ್ರ ನಗ್ತಾರ. ಸ್ವೆಟ್ರು ಬೇರೆ ಆಕವ್ರ. ನಾನು ಸುಮ್ನ ಬುಟ್ಟನಾ? ತುಂಡ ತಕಂಡು, ಅವ್ರ ಕೈ ಇಡ್ಕಂಡು ಈಚ್ಗ ಬಿಸ್ಲಿಗ ಕರ್ಕ ಬಂದು, ತೋಳ್ ಮೇಲ ಮಡಿಗಿ ನೋಡ್ದಿ. ನಮ್ಮನಯೋಳು ರವಕ ಬಟ್ಟ ಮ್ಯಾಚಿಂಗ್ ನೋಡ್ತಾಳಲ್ಲ, ಅಂಗೆ! ಕೂಡ್ನಿಲ್ಲ."

"ಕೂಡ್ನಿಲ್ವಾ?" ಎಂದಳು ಪುಟ್ಟಗೌರಮ್ಮ.

"ಎಲ್ಲಿ ಕೂಡ್ತದ? ನಿಮ್ಮದು ನೋಡಿ, ಕಾಡ್ ಮಾವಿನ ಎಲೆ ಇದ್ದಂಗ. ಅವ್ರುದು ಒಣಗ್ದ ಬಾಳೆಲೆ. ಎಲ್ಲಾ ಬಿಳುಚ್ಕಂಡೋಗಿತ್ತು. ಪಕ್ಕಾ ಇದೇ ಬಣ್ಣ, ಬೇರೆ ಆದ್ರ ನಮ್ಮೋರಲ್ಲ ಅಂತ ನೀವೇ ಏಳ್ ಕಳ್ಸಿದ್ರಲ್ಲ. ಅದ್ಕ ಟೀ ಕೊಟ್ಟು, ಎಲ್ಡು ಇಡ್ಲಿ ತಿನ್ಸಿ ಕಳ್ಸ್ದಿ. ನಿಮ್ಗ ಸುಮ್ನ ಯಾಕ ಆಸೆ ಉಟ್ಟುಸ್ಬೇಕು ಅಂತ ಫೋನ್ ಮಾಡ್ನಿಲ್ಲ."

ಅವನ ಮುಖದಲ್ಲಿ ವಹಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವನ ಸಮಾಧಾನವಿತ್ತು.

ಪುಟ್ಟಗೌರಮ್ಮ ಮೊಳೆಯಿಂದ ತುಂಡನ್ನು ತೆಗೆದುಕೊಂಡಳು. "ಎಣಿಗೆ ಎಂಗಿತ್ತು ಮಾದಣ್ಣ? ಬಣ್ಣ ಬುಡು. ಕೈಯಾಡ್ಸುದ್ರ ಎಂಗಿತ್ತು?"

ಮಾದಣ್ಣ ಹೆಬ್ಬೆರಳಿನಿಂದ ತುಂಡನ್ನು ಸವರಿದ. ಸವರುತ್ತಲೇ ಅವನ ಬೆರಳು ನಿಧಾನವಾಯಿತು. "ಇಂಗೇ ಇತ್ತು ಕಣಕ್ಕ. ಕಾಳ್ಕಾಳು. ಇಂಗೇ..."

ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು.

ಏಳು ಚಳಿಗಾಲ. ಏಳು ಚಳಿಗಾಲದಲ್ಲಿ ಎಷ್ಟು ಒಗೆತ, ಮಹಡಿಯ ತಂತಿಯ ಮೇಲೆ ಎಷ್ಟು ಮಧ್ಯಾಹ್ನ! ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಮಲಗಿಸಿ ಒಣಗಿಸಿ, ಇಲ್ಲದಿದ್ದರೆ ಬಣ್ಣ ಹೋಗುತ್ತದೆ ಎಂದು ಕೊಳ್ಳುವವರಿಗೆಲ್ಲ ಹೇಳುತ್ತಿದ್ದವಳು ತನ್ನ ಗಂಡನದನ್ನು ಅವಸರಕ್ಕೆ ಬಿಸಿಲಿಗೇ ಎಸೆಯುತ್ತಿದ್ದಳು. ಅದು ದಿನಾ ಕಣ್ಣೆದುರಿಗೆ ಬಿಳಿಚಿದ್ದನ್ನು ಅವಳು ಕಾಣಲೇ ಇಲ್ಲ. ಅವಳ ಕಣ್ಣಿಗೆ ಆ ಸ್ವೆಟರ್ ಯಾವತ್ತೂ ಉಂಡೆಯ ಬಣ್ಣದ್ದೇ. ಅಂಗಡಿಯವಳ ಕಣ್ಣು, ದಾರದ ಕಣ್ಣು. ಗಂಡನ ಮೈಮೇಲೆ ಇದ್ದದ್ದನ್ನು ಬಿಟ್ಟು ಟ್ರಂಕಿನಲ್ಲಿ ಇದ್ದದ್ದನ್ನು ಹೆಣೆದು ಊರೂರಿಗೆ ಕಳಿಸಿದ್ದಳು. ನಲವತ್ತು ಜನ ಈಗ ನಲವತ್ತು ಕಡೆ, ಅವಳೇ ಹೇಳಿಕೊಟ್ಟ ಎಚ್ಚರದಿಂದ, ಇವರು ಅವರಲ್ಲ ಎಂದು ಹೇಳಲು ತಯಾರಾಗಿ ನಿಂತಿದ್ದರು.

"ನಾನೇ ಕಳ್ದೆ ಕಣವ್ವ," ಎಂದಳು ಮಗಳಿಗೆ. "ಅವ್ರು ಬರೀ ದಾರಿ ತಪ್ಪಿದ್ರು. ಕಳ್ದೋಳು ನಾನು."

"ಅವ್ವ, ಸುಮ್ನಿರು. ಈಗ್ಲೇ ಎಲ್ರುಗೂ ಫೋನ್ ಮಾಡ್ತಿನಿ."

ಮಾದಣ್ಣ ತಲೆ ತಗ್ಗಿಸಿ ನಿಂತಿದ್ದವನು ತಟ್ಟನೆ ಒಲೆ ಆರಿಸಿದ. ಸೋಮವಾರ ಆ ಮುದುಕರು ಗೋಪಿನಾಥಂ ಕಡೆಯ ಮೀನಿನ ಗಾಡಿಯವನ ಪಕ್ಕದಲ್ಲಿ ಕೂತು ಹೋಗಿದ್ದರೆಂದು ಹೇಳಿದ. ಆ ಕಡೆಗೆ ಬಸ್ಸು ಸಿಕ್ಕುವುದು ಅಪರೂಪ. ಅವನೇ ಓಡಿ ಹೋಗಿ ಪರಿಚಯದವರ ಜೀಪೊಂದನ್ನು ಹೊರಡಿಸಿಕೊಂಡು ಬಂದ. "ನನ್ನ ಕೈಯಾರ ಕಳ್ಸ್ದಿ ಕಣಕ್ಕ," ಎಂದ. ಜೀಪು ತಿರುಗುವ ತನಕ ಟವಲನ್ನು ಕೈಯಲ್ಲಿ ಹಿಂಡುತ್ತಲೇ ಇದ್ದ.

ಕಾಡಿನ ದಾರಿಯಲ್ಲಿ ಪವಿತ್ರ ಕಂಡಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. "ಅಣ್ಣ, ಬಣ್ಣ ನೋಡ್ಬೇಡಿ. ಬಣ್ಣ ಮರ್ತ್ಬುಡಿ. ಬಿಳುಚ್ಕಂಡದ. ಎಣಿಗೆ ನೋಡಿ." ಕೆಲವರಿಗೆ ಅರ್ಥವಾಯಿತು, ಕೆಲವರಿಗೆ ಆಗಲಿಲ್ಲ. ಒಬ್ಬಾತ, "ಎರಡು ದಿನದ ಹಿಂದೆ ತುಂಡನ್ನ ಯಾರೋ ಪಾತ್ರೆ ಹಿಡಿಯಕ್ಕೆ ತಗಂಡ್ಬುಟ್ರು ಕಣಮ್ಮ," ಎಂದು ನೊಂದುಕೊಂಡ. ಹನ್ನೊಂದನೆಯ ಕರೆಗೆ ಸಿಗ್ನಲ್ ಹೋಯಿತು. ಆಮೇಲೆ ಬರೀ ಕಾಡು, ಬಿದಿರು, ಚೆಕ್‌ಪೋಸ್ಟು, ಮತ್ತೆ ಕಾಡು. ಪುಟ್ಟಗೌರಮ್ಮ ರಸ್ತೆಯ ಎಡಬದಿ ನೋಡಿದರೆ ಬಲಬದಿ ತಪ್ಪುತ್ತಿತ್ತು, ಬಲಬದಿ ನೋಡಿದರೆ ಎಡಬದಿ. ಒಂದು ಕಡೆ ನೀನು ನೋಡು ಎಂದು ಮಗಳಿಗೆ ಹೇಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

ಗೋಪಿನಾಥಂ ದಾಟಿ ಗಡಿಯ ಹೊಳೆಯ ದಡಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು ಇಳಿಯತೊಡಗಿತ್ತು. ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಬಲೆ ಒಣಗಿಸಿದ್ದ ಬೇಲಿಯ ತುದಿಯಲ್ಲಿ ಒಂದು ಸ್ವೆಟರ್ ನೇತಾಡುತ್ತಿತ್ತು.

ಪುಟ್ಟಗೌರಮ್ಮ ಓಡಲಿಲ್ಲ. ನಡೆದು ಹೋಗಿ ಅದರ ತೋಳನ್ನು ಕೈಗೆ ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿದ್ದ ತುಂಡನ್ನು ಅದರ ಪಕ್ಕದಲ್ಲಿಟ್ಟಳು. ಕೂಡಲಿಲ್ಲ. ಅವಳೇ ನೋಡಿದರೂ ಕೂಡಲಿಲ್ಲ. ಆದರೆ ಕತ್ತಿನ ಪಟ್ಟಿಯನ್ನು ಮುಚ್ಚಿದ ಸಾಲು ಅವಳದು. ಕಂಕುಳಲ್ಲಿ ಗಂಟು ಮರೆಸಿದ ರೀತಿ ಅವಳದು. ಅವಳು ಅದನ್ನು ಮುಖಕ್ಕೆ ಒತ್ತಿಕೊಂಡಳು. ಮೀನಿನ ವಾಸನೆ ಬಂತು.

ಹರಿಗೋಲು ಹಾಕುವ ಆರುಮುಗಂ ಎಂಬಾತ ಬೀಡಿ ಎಸೆದು ಎದ್ದು ಬಂದ. ತಮಿಳು ಬೆರೆತ ಕನ್ನಡದಲ್ಲಿ, ಯಾರು ಎತ್ತ ಎಂದು ಕೇಳಿದ. ಪವಿತ್ರ ಹೇಳಿದಳು.

"ಅಯ್ಯೋ ಅಮ್ಮಾ, ಕದ್ದಿಲ್ಲ! ಸಾಮಿ ಸತ್ಯ. ತಾತಾನೇ ಬಿಚ್ಚಿ ಕೊಟ್ರು. ಮಂಗಳವಾರ. ವೆಯಿಲ್, ಬಿಸಿಲು ಜಾಸ್ತಿ ಇತ್ತು. ಆ ಕಡೆ ಬಿಡು ಅಂದ್ರು, ಬಿಟ್ಟೆ. ದುಡ್ಡು ಬೇಡ ಅಂದೆ. 'ತಗೋ ಕಣ್ಲಾ, ನಿಂಗ ಚಳಿ ಆಯ್ತದ' ಅಂತ ಇದ ನನ್ನ ತಲೆ ಮೇಲೆ ಹಾಕ್ಬುಟ್ರು."

"ಆ ಕಡ ಅಂದ್ರ?"

ಆರುಮುಗಂ ಕೈ ತೋರಿಸಿದ. ಅಗಲವಾದ ನೀರು, ಅದರಾಚೆ ಮಸುಕಾದ ಗುಡ್ಡ. "ತಮಿಳ್ನಾಡು."

"ಈಗ ಮೈಮೇಲ ಏನದ ಅವ್ರ್ಗ?"

"ಬನಿಯನ್. ಪಂಚೆ. ಅಷ್ಟೇ."

ಆಚೆ ದಡದಲ್ಲಿ ಬನಿಯನ್-ಪಂಚೆಯ ಮುದುಕರು ಎಷ್ಟು ಸಾವಿರ ಇದ್ದಾರೋ. ಪುಟ್ಟಗೌರಮ್ಮ ಮರಳಿನ ಮೇಲೆ ಕೂತುಬಿಟ್ಟಳು. ಹುಡುಕುವುದಕ್ಕೆ ಇದ್ದ ಒಂದೇ ಗುರುತು ಅವಳ ಮಡಿಲಿನಲ್ಲಿ ಬಿದ್ದಿತ್ತು. ಅದರೊಳಗೆ ಮನುಷ್ಯ ಇರಲಿಲ್ಲ.

ಆರುಮುಗಂನ ಫೋನಿಗೆ ಆಚೆ ದಡದ ಸಿಗ್ನಲ್ ಬರುತ್ತಿತ್ತು. ಅಲ್ಲಿಯ ಮೀನಿನ ಸೊಸೈಟಿಯ ಹತ್ತಿರ ಅವನ ಹೆಂಡತಿಯ ಅಣ್ಣನಿದ್ದ. ಅವನಿಗೆ ಫೋನ್ ಹಚ್ಚಿ, ತಮಿಳಿನಲ್ಲಿ ಒಂದಷ್ಟು ಮಾತಾಡಿ, ಇವರ ಕಡೆ ತಿರುಗಿದ. "ಆಳು ಹೆಂಗೆ ಅಂತ ಕೇಳ್ತಾನೆ. ಹೆಂಗೆ ಗುರುತು ಹಿಡೀಬೇಕು?"

ಪವಿತ್ರ ಫೋಟೋ ತೆಗೆದಳು. ಆರುಮುಗಂ ನೋಡಿ ತಲೆಯಾಡಿಸಿದ. "ಇದು ಯಾರೋ ಗೌಡ್ರು. ಆ ತಾತ ಹಿಂಗಿಲ್ಲ."

"ಬಣ್ಣ ಕಪ್ಪು, ಬಿಳಿ ಗಡ್ಡ," ಎಂದು ಶುರುಮಾಡಿದ ಪವಿತ್ರ ಅಷ್ಟಕ್ಕೇ ನಿಂತಳು. ಅದು ಯಾವ ಮುದುಕನಾದರೂ ಆಗಬಹುದಿತ್ತು.

ಆಗ ಪುಟ್ಟಗೌರಮ್ಮ ಎದ್ದು ನಿಂತು, ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದಳು, ಅಲ್ಲಿ ಯಾರೋ ಬೆನ್ನು ಮಾಡಿ ನಿಂತಿರುವ ಹಾಗೆ. "ಏಳಪ್ಪ ಅವ್ನ್ಗ. ಭುಜ ಇಷ್ಟಗಲ. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಕ್ಕದ. ಕೂತ್ರೂ ಅಂಗೇ, ನಿಂತ್ರೂ ಅಂಗೇ. ಅದ್ಕೇ ಎಡಗಡ ಎಂಟು ಸಾಲು ಕಮ್ಮಿ ಎಣೀತಿದ್ದಿ. ಬಲಗೈ ಉದ್ದ. ಪಂಪು ಒಡ್ದು ಒಡ್ದು ಬಲಮಣಿಕಟ್ಟು ದಪ್ಪ ಆಗದ, ಮುಂಗೈ ಪಟ್ಟಿ ನಾಲ್ಕು ಕುಣಿಕ ಜಾಸ್ತಿ ಬೇಕು. ಕತ್ತು ಮುಂದುಕ್ಕ ಬಾಗದ, ಇಷ್ಟು. ಬೆನ್ನಲ್ಲಿ ಇಲ್ಲಿ, ಕತ್ತಿಂದ ಗೇಣು ಕೆಳುಗ, ಉಬ್ಬದ."

ಅವಳ ಕೈಗಳು ಗಾಳಿಯಲ್ಲಿ ಒಬ್ಬ ಮನುಷ್ಯನನ್ನು ಅಳೆದವು. ಪವಿತ್ರ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪನ ಎಡಭುಜ ಇಳಿದಿದೆಯೆಂದು ಅವಳಿಗೆ ಇಷ್ಟು ವರ್ಷವೂ ಗೊತ್ತಿರಲಿಲ್ಲ.

ಆರುಮುಗಂ ಒಂದೊಂದನ್ನೂ ತಮಿಳಿನಲ್ಲಿ ಹೇಳಿದ. ಹೇಳುವಾಗ ತನ್ನ ಭುಜವನ್ನೇ ಇಳಿಸಿ, ತನ್ನ ಕತ್ತನ್ನೇ ಬಾಗಿಸಿದ. ಆಚೆಯವನು ಫೋನ್ ಕಟ್ ಮಾಡಲಿಲ್ಲ. ಅವನು ನಡೆಯುತ್ತಿರುವುದು, ಯಾರನ್ನೋ ಕೂಗುವುದು, ನಾಯಿ ಬೊಗಳುವುದು ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ ಏನೋ ಹೇಳಿದ. ಆರುಮುಗಂನ ಮುಖ ಬದಲಾಯಿತು.

"ಏನಂತೆ?" ಎಂದಳು ಪವಿತ್ರ.

"ಒಬ್ರು ಇದಾರಂತೆ. ಹುಣಸೆ ಮರದ ಕೆಳಗೆ. ನಿನ್ನೆಯಿಂದ ಮಲಗೇ ಇದಾರಂತೆ, ಯಾರೋ ಕುಡಿದೋರು ಅಂತ ಬಿಟ್ಟಿದ್ರಂತೆ." ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. "ಬಲಗೈ ಮಣಿಕಟ್ಟು ದಪ್ಪ ಇದೆ ಅಂತಾನೆ. ಎಬ್ಬಿಸಿದ್ರೆ ಏಳ್ತಿಲ್ಲ."

"ಉಸ್ರು?" ಎಂದಳು ಪುಟ್ಟಗೌರಮ್ಮ.

ಆರುಮುಗಂ ಕೇಳಿದ. ಆಚೆಯವನು ಬಗ್ಗಿರಬೇಕು, ಫೋನಿನಲ್ಲಿ ಬಟ್ಟೆ ಉಜ್ಜಿದ ಸದ್ದು ಬಂತು.

"ಇರುಕ್ಕು, ಇದೆ ಅಂತಾನೆ. ಸಣ್ಣಗೆ."

ಅವಳು ಆಗಲೇ ನೀರಿಗಿಳಿದಿದ್ದಳು. ಸೀರೆ ಮೊಣಕಾಲ ತನಕ ನೆನೆದಿತ್ತು. "ನೀರು ಕುಡಿಸ್ಬ್ಯಾಡಿ ಅನ್ನು, ನೆತ್ತಿಗ ಅತ್ತೀತು. ಮೈ ಬೆಚ್ಚಗ ಮಾಡಿ ಅನ್ನು. ಏನಾದ್ರೂ ಒದ್ಸಿ ಅನ್ನು," ಎನ್ನುತ್ತಲೇ ಹರಿಗೋಲಿನ ಅಂಚು ಹಿಡಿದು ಹತ್ತಿದಳು. ಪವಿತ್ರ ಆಂಬುಲೆನ್ಸ್, ಆಂಬುಲೆನ್ಸ್‌ಗೆ ಹೇಳಿ ಎಂದು ಆರುಮುಗಂನ ಫೋನಿಗೆ ಕೂಗುತ್ತ ಹಿಂದೆಯೇ ಬಂದಳು. ಆರುಮುಗಂ ಜಿಗಿದು ಕೂತು ಹುಟ್ಟು ಹಾಕಿದ. ಹರಿಗೋಲು ಒಂದು ಸುತ್ತು ತಿರುಗಿ, ದಡ ಬಿಟ್ಟಿತು.

"ಎಷ್ಟೊತ್ತು?" ಎಂದು ಕೇಳಿದಳು ಪುಟ್ಟಗೌರಮ್ಮ.

"ಗಾಳಿ ಎದುರಿಗಿದೆ ಅಮ್ಮಾ. ಅರ್ಧ ಗಂಟೆ."

ತಳದಲ್ಲಿ ಇನ್ನೊಂದು ಹುಟ್ಟು ಬಿದ್ದಿತ್ತು. ಅವಳು ಜೀವಮಾನದಲ್ಲಿ ಹುಟ್ಟು ಮುಟ್ಟಿದವಳಲ್ಲ. ಅದನ್ನು ಎತ್ತಿಕೊಂಡು, ಮೊಣಕಾಲೂರಿ, ನೀರಿಗೆ ಹಾಕಿ ಎಳೆದಳು. ಹರಿಗೋಲು ಅಡ್ಡ ತಿರುಗಿತು. "ಹಂಗಲ್ಲ ಅಮ್ಮಾ, ಈ ಕಡೆ, ಈ ಕಡೆ," ಎಂದ ಆರುಮುಗಂ. ಅವಳು ಕಡೆ ಬದಲಾಯಿಸಿ ಮತ್ತೆ ಎಳೆದಳು.